ಬಾಲರಾಜುವಿನ ಮಾರು

ನನ್ನ ಗಂಡ ಬಾಲರಾಜುವಿಗೆ ಟೇಪು ಕಂಡರೆ ಆಗುತ್ತಿರಲಿಲ್ಲ. ಹಗ್ಗವಾಗಲಿ, ಪೈಪಾಗಲಿ, ಎರಡೂ ಕೈ ಅಗಲಿಸಿ ಮಾರು ಹಾಕಿದರೇ ಅವನಿಗೆ ಸಮಾಧಾನ. ನಮ್ಮ ನಾಲ್ಕು ಗುಂಟೆ ಹಿಪ್ಪುನೇರಳೆ ತೋಟವನ್ನೂ ಹಾಗೇ ಅಳೆದು, ಉದ್ದ ಹನ್ನೆರಡು ಮಾರು, ಅಗಲ ಒಂಬತ್ತು, ಸುತ್ತಳತೆ ನಲವತ್ತೆರಡು ಎಂದು ಊರಿಗೆಲ್ಲ ಸಾರಿಕೊಂಡು ಬಂದಿದ್ದ. ನಾಲ್ಕು ಮೂಲೆಗೂ ಕಲ್ಲು ನೆಟ್ಟ. ಬೇಲಿ ಹಾಕುವ ಮೊದಲೇ ಹೋಗಿಬಿಟ್ಟ ಪುಣ್ಯಾತ್ಮ.

ಈ ವರ್ಷ ರೇಷ್ಮೆಹುಳುವಿಗೆಂದು ಇಟ್ಟ ಸೊಪ್ಪನ್ನೆಲ್ಲ ಮೇಕೆಗಳು ಬೋಳಿಸತೊಡಗಿದವು. ಯಾರ ಮುಂದೆಯೂ ಗೋಗರೆಯಬಾರದೆಂದು ನಾನೇ ಬಸ್ಸು ಹತ್ತಿ ಕನಕಪುರಕ್ಕೆ ಹೋಗಿ, ಖಾಸಿಂ ಸಾಬರ ಅಂಗಡಿಯಲ್ಲಿ ತಂತಿಬಲೆ ಕೇಳಿದೆ.

"ಎಷ್ಟಡಿ ಬೇಕವ್ವಾ?"

"ನಲವತ್ತೆರಡು ಮಾರು."

"ಮಾರಿಗೆ ಆರಡಿ. ಇನ್ನೂರ ಐವತ್ತೆರಡು" ಎಂದು ಬಾಯಲ್ಲೇ ಲೆಕ್ಕ ಹಾಕಿ ಕತ್ತರಿಸಿಕೊಟ್ಟರು.

ಪಕ್ಕದ ತೋಟ ಮೈದುನ ಬೈರಪ್ಪನದು. ಕರೆಯದಿದ್ದರೂ ಬಂದು ಬಲೆ ಎಳೆದುಕಟ್ಟಲು ಕೈಹಾಕಿದ. ಮೂರು ಬದಿ ಸರಿಯಾಗಿ ಬಂತು. ನಾಲ್ಕನೆಯದು ಅವನ ತೋಟದ ಕಡೆ. ಅಲ್ಲಿ ಬಲೆ ಮುಗಿದುಹೋಯಿತು; ಬೈರಪ್ಪ ತನ್ನ ಟೇಪು ತಂದು ಅಳೆದರೆ ಇನ್ನೂ ಹದಿನಾಲ್ಕು ಅಡಿ ಬಾಕಿ.

ಬೈರಪ್ಪನ ಮುಖ ಅರಳಿತು. "ನೋಡಿ ಅತ್ಗೆ, ನಲವತ್ತೆರಡು ಮಾರು ಅಂತ ಅಣ್ಣನೇ ಹೇಳಿದ್ದ. ಅಂದ್ರೆ ಕಲ್ಲು ನನ್ ಕಡೀಕೆ ಬಂದ್ಬುಟ್ಟೈತೆ. ಬೇಲಿ ಏಳಡಿ ಒಳಕ್ ತಗಳಿ. ಆ ಕಡೆ ಏಳು, ಈ ಕಡೆ ಏಳು ಉಳೀತದೆ. ಸರಿಹೋಯ್ತದೆ."

ಜಾಗ ನುಂಗುವವನಿಗೆ ಲೆಕ್ಕ ಎಷ್ಟು ಚೆನ್ನಾಗಿ ಬರುತ್ತದೆ ನೋಡಿ! ನನಗೆ ಮೈಯೆಲ್ಲ ಉರಿದುಹೋಯಿತು. ಬಾಲರಾಜುವೇ ತಪ್ಪು ಅಳೆದನೇನೋ ಎಂದು ಅವನ ಮೇಲೂ ಸಿಟ್ಟು ಬಂತು. ಜಗಳ ಆಡಬೇಕಾದವನು ನನ್ನೊಬ್ಬಳನ್ನೇ ನಿಲ್ಲಿಸಿ ಹೋಗಿದ್ದಾನಲ್ಲ ಎನಿಸಿತು. ಊರ ತುಂಬ ಜನರಿದ್ದರೂ ನಾನು ಎಂಥ ಒಂಟಿ ಎನ್ನುವುದು ಅವತ್ತು ಗೊತ್ತಾಯಿತು.

ಆಗ ನೆನಪಾಯಿತು. ಬಾವಿಗೆ ಮೋಟರು ಇಳಿಸುವ ಹಗ್ಗಕ್ಕೆ, ನೀರಿನ ಆಳ ತಿಳಿಯಲೆಂದು ಅವನು ಮಾರಿಗೊಂದು ಗಂಟು ಹಾಕಿದ್ದ. ಪಂಪ್‌ಹೌಸಿನಿಂದ ಅದನ್ನು ತಂದು ಬೈರಪ್ಪನ ಮುಂದೆ ಹಾಕಿದೆ.

"ಟೇಪ್ ಹಿಡಿ. ನಿನ್ ಕೈಯಾರೆ ಅಳಿ."

ಗಂಟಿನಿಂದ ಗಂಟಿಗೆ ಆರಡಿ ನಾಲ್ಕು ಅಂಗುಲ. ಮುಂದಿನದನ್ನೂ ಅಳೆದ, ಅಷ್ಟೇ. ಮಾರಿಗೆ ನಾಲ್ಕು ಅಂಗುಲ ಹೆಚ್ಚು. ನಲವತ್ತೆರಡು ಮಾರಿಗೆ ಸರಿಯಾಗಿ ಹದಿನಾಲ್ಕು ಅಡಿ.

"ಅಣ್ಣನ ತೋಳು ಒಸಿ ಉದ್ದ ಕಣತ್ಗೆ" ಎಂದು ಮೆತ್ತಗೆ ಹೇಳಿ, ಟೇಪು ಸುತ್ತಿಕೊಂಡು ತನ್ನ ತೋಟಕ್ಕೆ ನಡೆದ.

ಗೆದ್ದೆ ಎಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಹಗ್ಗ ಸುತ್ತಿಡೋಣ ಎಂದು ಒಂದು ಗಂಟನ್ನು ಎಡಗೈಯಲ್ಲಿ ಹಿಡಿದೆ. ಇನ್ನೊಂದಕ್ಕೆ ಬಲಗೈ ಚಾಚಿದೆ. ಸಿಗಲಿಲ್ಲ. ಎದೆ ಮುಂದೆ ಮಾಡಿ, ಕೈ ಸೋಲುವವರೆಗೆ ಚಾಚಿದೆ. ಆಗಲೂ ಗಂಟು ದೂರದಲ್ಲೇ ಇತ್ತು. ಅಷ್ಟು ಉದ್ದದ ತೋಳಿನೊಳಗೆ ಇಷ್ಟು ವರ್ಷ ಮಲಗೆದ್ದಿದ್ದೆ. ಒಂದು ದಿನವೂ ಅಳೆದು ನೋಡಬೇಕೆನಿಸಿರಲಿಲ್ಲ. ಬೇಲಿಯಿಲ್ಲದ ಆ ಹದಿನಾಲ್ಕು ಅಡಿ ಜಾಗದಲ್ಲಿ ಕೂತು, ಬೈರಪ್ಪನಿಗೆ ಕೇಳಿಸಿದರೆ ಕೇಳಿಸಲಿ ಎಂದು ಜೋರಾಗಿ ಅತ್ತುಬಿಟ್ಟೆ.