ಪಾಲಮ್ಮ ಕೋಳಿ ತಿನ್ನಲ್ಲ

ಇಪ್ಪತ್ತು ಮುಖದ ದಾಳ ಉರುಳಿ ಉರುಳಿ ಮೂರಕ್ಕೆ ನಿಂತಿತು.

"ಸತ್ಲು ಪಾಲಮ್ಮ," ಅಂದ ಮಹಾಂತೇಶ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕತೆಯೊಳಗೆ ಆಡುವ ಈ ಆಟ ನಡೆಸುವವನು ಅವನೇ. "ಪಾಳೇಗಾರನ ಔತಣದಾಗೆ ಕೋಳಿ ಸಾರಿಗೆ ವಿಷ ಹಾಕಿದ್ರು. ತಡಕೊಳ್ಳೋಕೆ ಹನ್ನೆರಡಾದ್ರೂ ಬೀಳಬೇಕಿತ್ತು. ಮುಂದಿನ ವಾರ ಹೊಸ ಪಾತ್ರ ಮಾಡ್ಕೊಂಡು ಬಾ ಗಂಗಾ. ಗೋವರ್ಧನ, ಈಗ ನಿಂದು ಎಸಿ."

ಗಂಗಲಕ್ಷ್ಮಿ ತನ್ನ ಮುಂದಿದ್ದ ಹಾಳೆಯನ್ನೇ ನೋಡಿದಳು. ಎಂಟು ತಿಂಗಳಿಂದ ಪ್ರತಿ ಭಾನುವಾರ ಮೊಳಕಾಲ್ಮೂರಿನಲ್ಲಿ ಬಸ್ ಹತ್ತಿ ಚಳ್ಳಕೆರೆಗೆ ಬಂದು, ಎಣ್ಣೆ ಮಿಲ್ಲಿನ ಮೇಲಿನ ಈ ಕೋಣೆಯಲ್ಲಿ ಅವಳು ಪಾಲಮ್ಮನಾಗುತ್ತಿದ್ದಳು. ಪಾಲಮ್ಮ ದೇವರಿಗೆ ಬಿಟ್ಟ ಎತ್ತು ಕಾಯುವವಳು. ಹೆಂಗಸು ದೇವರ ಎತ್ತು ಕಾಯುವುದುಂಟೇ ಎಂದು ತನ್ನ ಹಟ್ಟಿಯಲ್ಲಾದರೆ ನಗುತ್ತಿದ್ದರು. ಇಲ್ಲಿ ಯಾರೂ ನಕ್ಕಿರಲಿಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಗಂಗಲಕ್ಷ್ಮಿಗೆ ವಾರದಲ್ಲಿ ಗಟ್ಟಿಯಾಗಿ ಮಾತು ಹೊರಡುತ್ತಿದ್ದದ್ದು ಈ ಮೂರು ತಾಸು ಮಾತ್ರ, ಅದೂ ಪಾಲಮ್ಮನ ಬಾಯಿಂದ.

"ಹಂಗೆ ಸಾಯ್ಸಿದ್ರೆ ಹೆಂಗಲೇ?" ಎಂದು ಗೋವರ್ಧನ ದಾಳವನ್ನು ಪಕ್ಕಕ್ಕೆ ತಳ್ಳಿದ.

ಗಂಗಲಕ್ಷ್ಮಿಗೆ ಜೀವ ಬಂದಂತಾಯಿತು.

"ಇಷ್ಟು ಸಪ್ಪೆಯಾಗಾ?" ಅಂದ ಗೋವರ್ಧನ. "ಸಾಯ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಪಾಳೇಗಾರನ ಮಖ ನೋಡಿ ಶಾಪ ಹಾಕಿ ಸಾಯ್ಲಿ. ಹಟ್ಟಿಗೆ ಹಟ್ಟಿನೇ ದಂಗೆ ಏಳ್ತೈತೆ. ಕತೆ ಅಂದ್ರೆ ಅದು!"

"ಕತೆ ಬೇಕಾದ್ರೆ ಮನೇಗೋಗಿ ಸೀರಿಯಲ್ ನೋಡು. ಇದು ಆಟ. ದಾಳ ಹೇಳಿದ್ದೇ ಕೊನೆ."

"ದಾಳ ಹೇಳಿದ್ದನ್ನ ಓದಿ ಹೇಳೋಕೆ ನೀನ್ಯಾಕಲೇ? ಒಂದು ಕೋತಿ ಸಾಕು."

"ಶುರುವಾಯ್ತಪ್ಪ," ಎಂದು ನಾಲ್ಕನೆಯವನಾದ ಯತ್ತಪ್ಪ ಶೇಂಗಾ ಸುಲಿಯುತ್ತ ಗೋಡೆಗೆ ಒರಗಿದ.

ಇದು ಎರಡು ತಿಂಗಳ ಜಗಳ. ಇಂಥ ಆಟ ಆಡುವವರಲ್ಲಿ ಮೂರು ಪಂಥಗಳಿವೆ ಎಂದು ಇಬ್ಬರೂ ಫೋನಿನಲ್ಲಿ ಎಲ್ಲೋ ಓದಿದ್ದರು: ಆಟ ಗೆಲ್ಲುವುದಕ್ಕೆ ಅನ್ನುವವರು, ಕತೆಗೆ ಅನ್ನುವವರು, ಆಟದೊಳಗಿನ ಲೋಕ ನಿಜವೆಂಬಂತೆ ಅದರೊಳಗೆ ಬದುಕಬೇಕು ಅನ್ನುವವರು. ಮಹಾಂತೇಶ ಮೊದಲನೆಯದನ್ನು ಹಿಡಿದ, ಗೋವರ್ಧನ ಎರಡನೆಯದನ್ನು. ಮೂರನೆಯದು ಚಿಕ್ಕಮಕ್ಕಳ ಮನೆಯಾಟ ಎಂದು ಇಬ್ಬರೂ ನಕ್ಕಿದ್ದರು. ಅಂದಿನಿಂದ ಗುಂಪಿನಲ್ಲಿ ಮಾರುದ್ದದ ಮೆಸೇಜುಗಳು. ಗಂಗಲಕ್ಷ್ಮಿ ಅವನ್ನೆಲ್ಲ ಕಂಡಿಕೆ ಬದಲಿಸುವ ನಡುವೆ ಒಂದಕ್ಷರ ಬಿಡದೆ ಓದುತ್ತಿದ್ದಳು. ನಿನ್ನದು ಯಾವುದು ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

"ಅಣ್ಣಾ," ಅಂದಳು. ಯಾರಿಗೂ ಕೇಳಲಿಲ್ಲ. "ಅಣ್ಣಾ, ಪಾಲಮ್ಮ ಕೋಳಿ ತಿನ್ನಲ್ಲ."

ಇಬ್ಬರೂ ತಿರುಗಿದರು. ಅವಳು ಹಾಳೆಯನ್ನು ಮುಂದೆ ಸರಿಸಿದಳು. ಮೊದಲ ದಿನವೇ ಬರೆದದ್ದು ಮೂಲೆಯಲ್ಲಿತ್ತು: ಕೋಳಿ ಮುಟ್ಟಲ್ಲ.

"ಅವಳ ಹಟ್ಟಿಯೊಳಕ್ಕೆ ಕೋಳಿ ಬಿಡಂಗಿಲ್ಲ, ದೇವರ ಕಟ್ಟು. ನಮ್ಮ ಹಟ್ಟಿಲೂ ಬಿಡಲ್ಲ. ನಿಮ್ಮಜ್ಜಿ ಹಟ್ಟಿಲೂ ಹಂಗೇ ಅಲ್ವಾ, ಮಹಾಂತೇಶಣ್ಣ?"

"ಅಜ್ಜಿ ಹಟ್ಟಿ ಹಂಗೇ. ಮೊಮ್ಮಗ ಕಬಾಬ್ ಅಂಗಡಿ ಮುಂದೆ ಕಾಯಂ ಗಿರಾಕಿ," ಎಂದು ಯತ್ತಪ್ಪ ಕಿಸಕ್ಕನೆ ನಕ್ಕ.

ಮಹಾಂತೇಶನ ಮುಖ ಕಪ್ಪಿಟ್ಟಿತು. "ತಿನ್ನದೋಳು ದಾಳ ಯಾಕೆ ಎಸೆದೆ?"

"ನೀವು ಎಸಿ ಅಂದ್ರಿ."

ನಿಜ, ಅಷ್ಟೇ ನಡೆದದ್ದು. ಎಸಿ ಅಂದಾಗ ಕೈ ತಾನಾಗಿ ಎಸೆದಿತ್ತು. ಹೇಳಿದ್ದನ್ನು ಮಾಡಿಯೇ ಆ ಕೈಗೆ ರೂಢಿ.

"ಎಸೆದ ಮೇಲೆ ಮುಗೀತು. ಇವತ್ತು ನಿಂಗೆ ಬಿಟ್ರೆ, ನಾಳೆ ಎಲ್ರೂ ನಂಗೆ ಉಪವಾಸ ಅಂತಾರೆ."

"ಅದೂ ಖರೆ," ಅಂದ ಗೋವರ್ಧನ. ಎರಡು ತಿಂಗಳಲ್ಲಿ ಮೊದಲ ಸಲ ಇಬ್ಬರೂ ಒಂದಾಗಿದ್ದರು. "ನೋಡು ಗಂಗಾ, ಇಂಥ ಸಾವು ಮತ್ತೆ ಸಿಗಲ್ಲ. ಕಟ್ಟು ಮುರಿದು ಒಂದು ತುತ್ತು ತಿಂದ್ಲು ಅಂತ ಇಟ್ಕೊ. ಇನ್ನೂ ಚೆಂದಾಗತೈತೆ."

"ಹಾಳೆ ಕೊಡಿಲ್ಲಿ," ಎಂದು ಮಹಾಂತೇಶ ಕೈ ಚಾಚಿದ. ಸತ್ತವರ ಹಾಳೆಯನ್ನು ಎಲ್ಲರೆದುರಿಗೆ ಹರಿಯುವುದು ಅವರಲ್ಲಿ ವಾಡಿಕೆ.

ಗಂಗಲಕ್ಷ್ಮಿ ಹಾಳೆಯನ್ನು ಎದೆಗೆ ಒತ್ತಿಕೊಂಡಳು.

"ಪಂಕ್ತಿಯಾಗೆ ಕೋಳಿ ಬಡಿಸಿದ್ರು," ಅಂದಳು. ದನಿ ಪಾಲಮ್ಮನದು. "ಪಾಲಮ್ಮ ಎಲೆ ಮಡಚಿದ್ಲು. ನೀರೂ ಮುಟ್ಟಲಿಲ್ಲ. ಎದ್ಲು."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ತಾನೂ ಎದ್ದಳು.

"ಕೂತ್ಕೋ! ನಿನ್ನ ಸರದಿ ಅಲ್ಲ!"

"ಪಾಳೇಗಾರ ಕೂತ್ಕೋ ಅಂದ. ಪಾಲಮ್ಮ ಕೂರಲಿಲ್ಲ."

ಯತ್ತಪ್ಪನ ಕೈಯಲ್ಲಿ ಶೇಂಗಾ ಹಾಗೇ ಉಳಿಯಿತು. ಅವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟಿದಳು.

"ಹೋದ್ರೆ ಮತ್ತೆ ಈ ಮೆಟ್ಲು ಹತ್ತಬ್ಯಾಡ," ಅಂದ ಮಹಾಂತೇಶ. "ನೀನಿಲ್ದೆ ಆಟ ನಿಲ್ಲಲ್ಲ."

"ನಿಲ್ಲಬಾರದು," ಅಂದಳು ಅವಳು. "ಗೋವರ್ಧನಣ್ಣ, ನೀವು ಆ ಸಾರು ಎರಡು ಸಲ ಹಾಕಿಸ್ಕೊಂಡು ತಿಂದ್ರಿ. ದಾಳ ಎಸೀರಿ."

ಮೆಟ್ಟಿಲಿಳಿಯುವಾಗ ಮಿಲ್ಲಿನ ಹಿಂಡಿಯ ವಾಸನೆ ಮುಖಕ್ಕೆ ಹೊಡೆಯಿತು. ಮೇಲೆ ಕೋಣೆಯಲ್ಲಿ ದಾಳ ಉರುಳಿದ್ದು ಕೇಳಿಸಿತು, ಹಿಂದೆಯೇ "ಸತ್ತೆ" ಎಂಬ ಮಹಾಂತೇಶನ ದನಿ. ಆಮೇಲೆ ಏನೋ ಗೋಡೆಗೆ ಬಡಿದ ಸದ್ದು. "ಇನ್ನೊಂದ್ಸಲ ಎಸೀತೀನಿ ಲೇ!" ಎಂದು ಗೋವರ್ಧನ ಕಿರುಚುತ್ತಿದ್ದ. ಗಂಗಲಕ್ಷ್ಮಿ ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.