ಹೆಗ್ಗದ್ದೆಯ ಹದಿನಾಲ್ಕು ಮೂಟೆ

ಸುಮನಾ ಆ ವರ್ಷ ತಪಾಸಣೆಗೆ ಹೋಗಬೇಕಿದ್ದ ಮನೆಗಳಲ್ಲಿ ಮೃತ್ಯುಂಜಯನದು ಕೊನೆಯದು. ಅದನ್ನು ಕೊನೆಗೆ ಉಳಿಸಿಕೊಂಡಿದ್ದು ಬೇಕೆಂದೇ. ಸಕಲೇಶಪುರದ ಸುತ್ತಮುತ್ತಲ ಇಪ್ಪತ್ತಮೂರು ಹೋಂಸ್ಟೇಗಳು ಅವಳ ಪಟ್ಟಿಯಲ್ಲಿದ್ದವು. ಉಳಿದ ಕಡೆಯೆಲ್ಲ ಜಗಳವೋ ನೆಪವೋ ಸುಳ್ಳೋ ಏನಾದರೊಂದು ಕಾದಿರುತ್ತಿತ್ತು. ಹೆಗ್ಗದ್ದೆಯಿಂದ ಮೇಲೆ ಕಾಡಂಚಿನ ಈ ಮನೆಯಲ್ಲಿ ಮಾತ್ರ ಒಂದು ಲೋಟ ಕಾಫಿ ಕುಡಿದು, ಎಲ್ಲ ಸರಿಯಿದೆ ಎಂದು ಬರೆದು, ನೆಮ್ಮದಿಯಾಗಿ ವಾಪಸಾಗಬಹುದಿತ್ತು.

ರಾಷ್ಟ್ರೀಯ ಪ್ರವಾಸ ಪ್ರಾಧಿಕಾರದ 'ಹಗುರ ಹೆಜ್ಜೆ' ಯೋಜನೆಗೆ ಅವಳು ಗುತ್ತಿಗೆಯ ಮೇಲೆ ಸೇರಿ ಮೂರನೇ ವರ್ಷ. ಪ್ರವಾಸಿಗರು ಆದಷ್ಟು ರೈಲಿನಲ್ಲಿ ಬರಬೇಕು, ಬಾಟಲಿ ನೀರು ಬಿಟ್ಟು ಫಿಲ್ಟರ್ ನೀರು ಕುಡಿಯಬೇಕು, ಊರಿನಲ್ಲೇ ಬೆಳೆದದ್ದನ್ನು ಉಣ್ಣಬೇಕು, ಹೋಗುವಾಗ ಬೆಟ್ಟದಲ್ಲಿ ಕಸ ಬಿಟ್ಟು ಹೋಗಬಾರದು. ಇದನ್ನು ಮನೆಮನೆಗೂ ಹೋಗಿ ಹೇಳಿ, ಒಪ್ಪಿದವರ ಗೇಟಿಗೆ ಹಸಿರು ಎಲೆಯ ಫಲಕ ಹಾಕಿಸುವುದು ಅವಳ ಕೆಲಸ. ಹೇಳಿ ಹೇಳಿ ಈಗ ಆ ಮಾತುಗಳು ಅವಳ ಕಿವಿಗೇ ಬೇರೆ ಯಾರೋ ಆಡಿದಂತೆ ಕೇಳುತ್ತಿದ್ದವು. ಮೊದಲ ಫಲಕ ಹಾಕಿಸಿಕೊಂಡವನು ಮೃತ್ಯುಂಜಯ. ಮುಂದಿನ ವಾರ ದೆಹಲಿಯಲ್ಲಿ ಬಿಡುಗಡೆಯಾಗಬೇಕಿದ್ದ ಯೋಜನೆಯ ಪ್ರಚಾರ ಚಿತ್ರದಲ್ಲಿ ಅವನೂ ಅವನ ಹೆಂಡತಿ ಆಶಾಳೂ ಬಾಳೆಲೆಗೆ ಅಕ್ಕಿರೊಟ್ಟಿ ಬಡಿಸುತ್ತ ನಗುತ್ತಿದ್ದರು.

ಮನೆ ಇನ್ನೂ ಅರ್ಧ ಮೈಲಿ ಇರುವಾಗಲೇ ತಾಜುದ್ದೀನ್ ಜೀಪು ನಿಲ್ಲಿಸಿದ. ಯೋಜನೆಯವರು ಬಾಡಿಗೆಗೆ ಹಿಡಿದಿದ್ದ ಜೀಪಿಗೆ ಅವನೇ ಮಾಲೀಕ, ಅವನೇ ಡ್ರೈವರ್. ಮೂವತ್ತು ವರ್ಷ ಈ ಘಾಟಿಯಲ್ಲಿ ಸ್ಟೇರಿಂಗ್ ತಿರುಗಿಸಿದವನಿಗೆ ರಸ್ತೆಯ ಎರಡೂ ಬದಿ ಬಾಯಿಪಾಠ.

"ಮೇಡಂ, ಇಳ್ದು ಒಸಿ ಕೆಳಗೆ ನೋಡಿ."

ಕೆಳಗೆ ಹಳ್ಳದ ಇಳಿಜಾರಿನಲ್ಲಿ ಬಿಳಿ ಗೊಬ್ಬರದ ಚೀಲಗಳು ಉರುಳಿ ಬಿದ್ದಿದ್ದವು. ಕೆಲವು ಹರಿದಿದ್ದವು. ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆ, ಬಾಟಲಿಗಳು ಲಂಟಾನದ ಪೊದೆಗಳಿಗೆ ಸಿಕ್ಕಿಕೊಂಡು ನೀರಿನವರೆಗೂ ಹರಡಿದ್ದವು. ಒಂದು ಚೀಲದ ಮೇಲೆ ಮಾರ್ಕರ್‌ನಲ್ಲಿ 'ಒಣ ಕಸ' ಎಂದು ಬರೆದಿತ್ತು. ಅದು ಸುಮನಾಳ ಅಕ್ಷರ. ಫಲಕ ಹಾಕಿಸಿದ ದಿನ ಅವಳೇ ಬರೆದು ಕೊಟ್ಟಿದ್ದ ಚೀಲ.

ಮೃತ್ಯುಂಜಯ ಅಂಗಳದಲ್ಲೇ ಸಿಕ್ಕ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

"ಹಳ್ಳದಲ್ಲಿರೋದು ನಿಮ್ದಾ?"

"ನಮ್ದೇ ಮೇಡಂ. ಬೇರೆಯವ್ರದ್ದು ಅನ್ನಕ್ಕೆ ನಂಗೆ ಬಾಯಿ ಬರಲ್ಲ."

"ಯಾಕೆ ಹೀಗೆ ಮಾಡಿದ್ರಿ?"

ಉತ್ತರ ಕೊಟ್ಟವಳು ಆಶಾ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, "ಬನ್ನಿ ಅಕ್ಕ, ತೋರಿಸ್ತೀನಿ" ಎಂದು ಸುಮನಾಳನ್ನು ಮನೆಯ ಹಿಂದೆ ಕಾಫಿ ಮೂಟೆ ಇಡುವ ಸ್ಟೋರಿಗೆ ಕರೆದುಕೊಂಡು ಹೋದಳು. ಸ್ಟೋರಿನ ಒಂದು ಗೋಡೆ ಒಳಕ್ಕೆ ಕುಸಿದಿತ್ತು.

"ನೀವೇನಂದ್ರಿ? ಸುಡಬೇಡಿ, ಎಸೀಬೇಡಿ, ಬೇರೆ ಬೇರೆ ಮಾಡಿಡಿ, ಮೂರು ತಿಂಗ್ಳಲ್ಲಿ ಗಾಡಿ ಬತ್ತೈತೆ ಅಂದ್ರಿ. ಇಟ್ವಿ. ಹನ್ನೊಂದು ತಿಂಗ್ಳು ಇಟ್ವಿ ಅಕ್ಕ. ಒಂದೊಂದು ಪೊಟ್ಟಣನೂ ತೊಳ್ದು ಒಣಗಿಸಿಟ್ಟಿದೀನಿ ನಾನು. ಆದ್ರೂ ಉಪ್ಪಿನ ವಾಸನೆ ಹೋಯ್ತದಾ? ಆನೆ ಬಂದು ಗೋಡೆ ದೂಡ್ಬುಡ್ತು. ಆ ಗೋಡೆ ಆಚೆಗೇ ತೋಟದ ಆಳುಗಳ ಲೈನು. ಮೂರು ಸಂಸಾರ ಅಲ್ಲಿ ಮಲಗ್ತವೆ."

ಸುಮನಾ ಕುಸಿದ ಗೋಡೆಯ ಆಚೆಗೆ ಇಣುಕಿದಳು.

"ಎರಡು ದಿನ ಬಿಟ್ಟು ಗದ್ದೆ ಹತ್ರ ಆನೆ ಲದ್ದಿ ಬಿದ್ದಿತ್ತು. ಅದ್ರೊಳಗೆ ನೀಲಿ ಪೊಟ್ಟಣ. ನಾನೇ ಕೈಯಾರೆ ತೊಳ್ದಿದ್ದು. ಅವತ್ತು ನಮ್ಮನೆಯವ್ರು ಎಲ್ಲಾನೂ ಹೊತ್ಕೊಂಡೋಗಿ ದೂರ ಎಸೆದು ಬಂದ್ರು. ಬೇಡ ಅನ್ನಕ್ಕೆ ನಂಗೂ ಆಗ್ಲಿಲ್ಲ."

ಗಾಡಿಯ ಮಾತು ಕೊಟ್ಟವಳು ಸುಮನಾಳೇ. ಅವಳಿಗೆ ಆ ಮಾತು ಕೊಟ್ಟಿದ್ದು ಬೆಂಗಳೂರಿನ ಯೋಜನಾ ಕಚೇರಿ. ತಿಂಗಳಿಗೊಮ್ಮೆ ಅವಳು ಕೇಳಿ ಬರೆಯುತ್ತಿದ್ದಳು, ತಿಂಗಳಿಗೊಮ್ಮೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬರುತ್ತಿತ್ತು. ಐದಾರು ತಿಂಗಳಾದ ಮೇಲೆ ಅವಳು ಕೇಳುವುದನ್ನೇ ಬಿಟ್ಟಿದ್ದಳು. ಗಾಡಿ ಬರುವುದಿಲ್ಲ ಎಂದು ಈ ಮನೆಗೆ ಒಂದು ಫೋನ್ ಮಾಡಿ ಹೇಳಬೇಕೆಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಅಥವಾ ಹೊಳೆದರೂ ಆಯಾಸಕ್ಕೆ ಮುಂದಕ್ಕೆ ಹಾಕಿದ್ದಳು.

ಗೇಟಿನ ಬಳಿ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ನಿಂತು ಮೇಲಧಿಕಾರಿ ಶ್ರೀನಾಥ್‌ಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ಸುಮನಾ, ಫೋಟೋ ತೆಗೀಬೇಡಿ. ಸರಿಯಿದೆ ಅಂತ ಟಿಕ್ ಹಾಕಿಬಿಡಿ. ಫಿಲ್ಮ್ ಬಿಡುಗಡೆ ಆಗ್ಲಿ, ಆಮೇಲೆ ನೋಡೋಣ."

"ಕಸ ಹಳ್ಳದಲ್ಲಿದೆ ಸರ್."

"ಹಾಗಾದ್ರೆ ಫಲಕ ಕಿತ್ಕೊಂಡು ಬನ್ನಿ. ಇವತ್ತೇ ಹೇಳಿ, ಎಡಿಟ್ ಮಾಡಿಸ್ಬೇಕು." ಸ್ವಲ್ಪ ತಡೆದು, ದನಿ ಇಳಿಸಿ, "ನಂಗೂ ಸಾಕಾಗಿದೆ ಕಣ್ರೀ. ಎರಡರಲ್ಲಿ ಒಂದು ಮಾಡಿ" ಎಂದರು.

ಸುಮನಾ ಎರಡನ್ನೂ ಮಾಡಲಿಲ್ಲ. ಜೀಪಿನಲ್ಲಿ ಹಳ್ಳದ ಬಳಿಗೆ ವಾಪಸ್ ಹೋಗಿ, ಬ್ಯಾಗನ್ನು ಅದರಲ್ಲೇ ಇಟ್ಟು, ಚೂಡಿದಾರದ ಪ್ಯಾಂಟನ್ನು ಮಡಚಿಕೊಂಡು ಹಳ್ಳಕ್ಕೆ ಇಳಿದಳು. ಅವಳಿಗೆ ಸಿಟ್ಟೂ ಇರಲಿಲ್ಲ, ಹುಮ್ಮಸ್ಸೂ ಇರಲಿಲ್ಲ. ಆ ಹೊತ್ತಿಗೆ ಕಣ್ಣ ಮುಂದಿದ್ದ ಕೆಲಸ ಅದೊಂದೇ. ಸ್ವಲ್ಪ ಹೊತ್ತಿಗೆ ಮೃತ್ಯುಂಜಯ ಖಾಲಿ ಚೀಲಗಳನ್ನು ಹಿಡಿದು ಹಿಂದೆಯೇ ಬಂದ. "ನೀವು ಮೇಲೆ ಹೋಗಿ ಮೇಡಂ, ಜಿಗಣೆ ಅವೆ" ಎಂದ. ಅವಳು ಹೋಗಲಿಲ್ಲ. ಆಶಾ ಬಂದಳು. ಕೊನೆಗೆ ಮಂಡಿ ನೋವಿನ ತಾಜುದ್ದೀನನೂ, "ನನ್ ಗಾಡಿನೇ ತಾನೆ ಹೊರಬೇಕಾಗಿರೋದು" ಎಂದು ಗೊಣಗುತ್ತ ಇಳಿದ. ಮಧ್ಯಾಹ್ನ ಒಂದು ಗಂಟೆಗೆ ರಸ್ತೆಯ ಬದಿಯಲ್ಲಿ ಹದಿನಾಲ್ಕು ಮೂಟೆ ನಿಂತಿದ್ದವು.

ಅವುಗಳನ್ನು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಸಕಲೇಶಪುರದ ಕಸದ ಘಟಕದ ಗೇಟಿನಲ್ಲಿ ಕಾವಲುಗಾರ ಕೃಷ್ಣಪ್ಪ ಜೀಪಿನೊಳಗೆ ಇಣುಕಿ ಕೈ ಮುಗಿದ.

"ಪಟ್ಟಣದ ಕಸ ಅಷ್ಟೇ ಅಮ್ಮ. ಹಳ್ಳಿದು ತಕ್ಕಂಡ್ರೆ ನನ್ ಕೆಲ್ಸ ಹೋಯ್ತದೆ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಪೇಟೆಯ ಗುಜರಿ ಅಂಗಡಿಯವನು ಗಾಜಿನ ಬಾಟಲಿಯನ್ನೂ ರಟ್ಟನ್ನೂ ಆರಿಸಿಕೊಂಡು, ಮಿಕ್ಕಿದ್ದನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ. ಹತ್ತು ಮೂಟೆ ಉಳಿದವು. ಬಿಸಿಲಿಗೆ ಜೀಪಿನೊಳಗೆ ನಾತ ಏಳತೊಡಗಿತು. ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುವಾಗ ತಾಜುದ್ದೀನ್ ತುಂಬಾ ಹೊತ್ತು ಯೋಚಿಸಿ ಹೇಳಿದ: "ಆಲೂರಲ್ಲಿ ನಮ್ ದೊಡ್ಡಪ್ಪನ ಮಗಳು ಸುಗ್ರಾ ಅಂತ ಅವ್ಳೆ. ಗಂಡ ಹೋದ್ಮೇಲೆ ಗುಜರಿ ಅವ್ಳೇ ನೋಡ್ಕತಾಳೆ. ಬಾಯಿ ಜೋರು. ಹೋಗಣ್ವಾ?"

ಸುಗ್ರಾಬಿಯ ಬಾಯಿ ನಿಜಕ್ಕೂ ಜೋರಿತ್ತು. ಮೂಟೆಗಳನ್ನು ನೆಲಕ್ಕೆ ಸುರಿಸಿ, ಕುಕ್ಕರುಗಾಲಲ್ಲಿ ಕೂತು, ಕೋಲಿನಿಂದ ಕೆದಕುತ್ತ ಇಬ್ಬರಿಗೂ ಬೈದಳು.

"ಈ ಒಳಗಡೆ ಬೆಳ್ಳಿ ಬಣ್ಣ ಐತಲ್ಲ, ಈ ಪೊಟ್ಟಣ ಯಾರೂ ಮುಟ್ಟಲ್ಲ. ಸಿಮೆಂಟ್ ಫ್ಯಾಕ್ಟ್ರಿಯವ್ರು ಸುಡಕ್ಕೆ ತಗೋತಾರೆ. ಲಾರಿ ತುಂಬಿದ್ರೆ ಮಾತ್ರ ಬರೋದು. ನನ್ ಹತ್ರ ಅರ್ಧ ಲಾರಿ ಬಿದ್ದೈತೆ ಎರಡು ವರ್ಷದಿಂದ."

"ಇದನ್ನೂ ಅದರ ಜೊತೆ ಇಟ್ಕೊಳ್ತೀರಾ ಅಕ್ಕ?" ಸುಮನಾ ಕೇಳಿದಳು.

ಸುಗ್ರಾಬಿ ಅವಳ ಕಾಲನ್ನು ನೋಡಿದಳು. ಜಿಗಣೆ ಕಚ್ಚಿದ ಕಡೆ ರಕ್ತ ಹೆಪ್ಪುಗಟ್ಟಿತ್ತು.

"ಆಫೀಸಿನವ್ಳು ನೀನು. ನಿಂಗ್ಯಾಕವ್ವ ಈ ಕೆಲ್ಸ?"

"ಗಾಡಿ ಬರುತ್ತೆ ಅಂತ ಹೇಳಿದ್ದೆ. ಬರಲಿಲ್ಲ."

ಸುಗ್ರಾಬಿ ಕೋಲನ್ನು ಬದಿಗಿಟ್ಟು ಎದ್ದು, ಗೋಡೌನಿನ ಬಾಗಿಲು ತೆರೆದಳು. ಮಗುವಿನ ಡೈಪರ್‌ಗಳಿದ್ದ ಒಂದು ಮೂಟೆಯನ್ನು ಮಾತ್ರ ಹೊರಗೇ ಬಿಟ್ಟು, "ಇದನ್ನ ನಾನು ಮುಟ್ಟಲ್ಲ. ಎಷ್ಟು ಹೇಳಿದ್ರೂ ಮುಟ್ಟಲ್ಲ" ಎಂದಳು.

ಆ ಮೂಟೆ ಸುಮನಾಳ ಬಾಡಿಗೆ ಮನೆಗೆ ಬಂತು. ಅವಳು ಪಟ್ಟಣದ ನಿವಾಸಿ. ಅವಳ ಮನೆಯ ಕಸವನ್ನು ಒಯ್ಯಲು ಬೆಳಗ್ಗೆ ಗಾಡಿ ಬರುತ್ತಿತ್ತು. ದಿನಕ್ಕೊಂದಿಷ್ಟರಂತೆ ಕಾಗದದಲ್ಲಿ ಸುತ್ತಿ ಹಾಕಿದಳು. ಮುಗಿಯಲು ಒಂಬತ್ತು ದಿನ ಹಿಡಿಯಿತು. ಮಕ್ಕಳಿಲ್ಲದ ಮನೆಯಿಂದ ಅಷ್ಟೊಂದು ಡೈಪರ್ ಹೇಗೆ ಬರುತ್ತದೆಂದು ಗಾಡಿಯವಳು ಒಮ್ಮೆ ಅವಳನ್ನು ದಿಟ್ಟಿಸಿದಳು, ಕೇಳಲಿಲ್ಲ.

ಹಳ್ಳಕ್ಕೆ ಇಳಿದ ದಿನದ ರಾತ್ರಿಯೇ ತುಂಬಿದ ತಪಾಸಣೆಯ ನಮೂನೆಯಲ್ಲಿ ಅವಳು ಯಾವ ಟಿಕ್ಕನ್ನೂ ಹಾಕಿರಲಿಲ್ಲ. ಕೆಳಗೆ 'ಇತರೆ' ಎಂದಿದ್ದ ಎರಡು ಗೆರೆಯ ಜಾಗದಲ್ಲಿ ಸಣ್ಣಕ್ಷರದಲ್ಲಿ ಬರೆದಳು: ಮನೆಯವರು ಹೇಳಿದಂತೆ ನಡೆದುಕೊಂಡಿದ್ದಾರೆ, ಯೋಜನೆ ಹೇಳಿದಂತೆ ನಡೆದುಕೊಂಡಿಲ್ಲ. ಅದನ್ನು ಕಳಿಸಿದ ಮರುದಿನ ಶ್ರೀನಾಥ್ ಫೋನ್ ಮಾಡಿದರು. ಅವಳು ಬೈಗುಳಕ್ಕೆ ಸಿದ್ಧಳಾಗಿದ್ದಳು.

"ನಿಮ್ಮ ಮೃತ್ಯುಂಜಯ ನಂಗೇ ಫೋನ್ ಮಾಡಿದ್ರು. ಚಿತ್ರದಿಂದ ನಮ್ಮನ್ನ ತೆಗೆದುಹಾಕಿ, ಜನ ಅದನ್ನ ನೋಡಿ ನಂಬಿಕೊಂಡು ಬಂದ್ರೆ ನಂಗೆ ಮುಖ ತೋರಿಸೋಕೆ ಆಗಲ್ಲ ಅಂದ್ರು." ಅವರು ಉಸಿರು ಬಿಟ್ಟರು. "ನೀವು ಬರೆದಿದ್ದನ್ನ ಮೇಲೆ ಕಳಿಸಿದೀನಿ. ಏನಾಗುತ್ತೋ ಗೊತ್ತಿಲ್ಲ."

ಏನೂ ಆಗಲಿಲ್ಲ. ಚಿತ್ರ ಬೇರೆ ಯಾವುದೋ ರಾಜ್ಯದ ಮನೆಯೊಂದಿಗೆ ಬಿಡುಗಡೆಯಾಯಿತು. ಸುಮನಾಳ ಗುತ್ತಿಗೆಯನ್ನು ಮೂರು ತಿಂಗಳಿಗೆ ಮುಂದುವರಿಸಿದರು, ಕಾರಣ ಹೇಳಲಿಲ್ಲ. ಅವಳು ಪಟ್ಟಿಯ ಮನೆಗಳಿಗೆಲ್ಲ ಮತ್ತೊಮ್ಮೆ ಹೋದಳು. ಗಾಡಿ ಬರುವುದಿಲ್ಲ, ಎರಡು ವಾರಕ್ಕೊಮ್ಮೆ ಮಂಗಳವಾರ ತಾಜುದ್ದೀನನ ಜೀಪು ಆಲೂರಿಗೆ ಹೋಗುತ್ತದೆ, ಕೊಡುವವರು ರಸ್ತೆಗೆ ತಂದಿಡಿ ಎಂದಳು. ಕೆಲವರು ನಕ್ಕರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು. ಆರು ಮನೆಯವರು ಒಪ್ಪಿದರು. ಏಳನೆಯದಾಗಿ ಆಶಾ ತಾನೇ ಫೋನ್ ಮಾಡಿ, "ನಮ್ದೂ ಐತೆ ಅಕ್ಕ, ಮೂರು ಚೀಲ" ಎಂದಳು.

ಅಂಥ ಮೂರನೆಯ ಮಂಗಳವಾರ ಮಾರನಹಳ್ಳಿಯ ಹತ್ತಿರ ಟ್ಯಾಂಕರ್ ಒಂದು ಅಡ್ಡ ನಿಂತು, ಲಾರಿಗಳು ಎರಡು ಮೈಲಿ ಸಾಲುಗಟ್ಟಿದ್ದವು. ಜೀಪಿನ ಹಿಂದೆ ಒಂಬತ್ತು ಮೂಟೆ. ತಾಜುದ್ದೀನ್ ಇಂಜಿನ್ ಆರಿಸಿದ.

"ವಾಪಸ್ ತಿರುಗ್ಸಣ್ವಾ ಮೇಡಂ? ಇದು ಸಾಯಂಕಾಲದವರೆಗೂ ಬಿಡಲ್ಲ."

"ತಿರುಗಿಸಿ ಎಲ್ಲಿಗೆ ಹೋಗೋದು ತಾಜಣ್ಣ? ಇರಲಿ, ನಿಂತಿರೋಣ."

ಅವನು ಸೀಟನ್ನು ಹಿಂದಕ್ಕೆ ಸರಿಸಿ ಮಂಡಿ ಚಾಚಿದ. ಸುಮನಾ ಸುಗ್ರಾಬಿಗೆ ಫೋನ್ ಮಾಡಿ ತಡವಾಗುತ್ತದೆಂದು ಹೇಳಿದಳು, ಬೈಸಿಕೊಂಡಳು. ಆಮೇಲೆ ಚಪ್ಪಲಿ ಬಿಚ್ಚಿ, ತಲೆಯನ್ನು ಕಿಟಕಿಗೆ ಒರಗಿಸಿದಳು. ಮುಂದಿನ ಲಾರಿಯವನು ಇಳಿದು ಒಲೆ ಹಚ್ಚುತ್ತಿದ್ದ. ಅದನ್ನು ನೋಡುತ್ತ ನೋಡುತ್ತ ಅವಳಿಗೆ ನಿದ್ದೆ ಬಂತು.