ಹಾಯಿಯ ತುಂಡು

ಹೆಂಡತಿಯ ಮೈಮೇಲಿಂದ ಕೌದಿಯನ್ನು ಬೀಗದಣ್ಣ ಅರ್ಧ ಎಳೆದುಕೊಂಡಿದ್ದ. ಇನ್ನರ್ಧ ಮಗಳ ಮುಷ್ಟಿಯಲ್ಲಿತ್ತು.

"ಬಿಡಿ ಅಪ್ಪಾ. ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ಬಿಳೀ ಚಾದರ ತಂದಿದೀನಿ, ಅದನ್ನ ಹೊದಿಸು."

"ಅಮ್ಮ ಕೇಳಿದ್ದು ಇದನ್ನ. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಹೇಳಿದ್ಲು, ರಜೆ ಕೌದಿ ಹೊದಿಸಿ ಕಳಿಸು ಅಂತ. ಬೇರೇನೂ ಕೇಳಲಿಲ್ಲ ಅವಳು."

"ಅದನ್ನೇ ಯಾಕೆ ಕೇಳಿದ್ಲು ಅಂತ ನಾನೂ ಯೋಚಿಸ್ತಿರೋದು."

ತಂದೆ ಮಗಳ ನಡುವೆ ಕೌದಿ ಬಿಗಿಯಾಗಿ ನಿಂತಿತು. ಅದರ ಮೇಲೆ ಒಂದು ಕಡಲತೀರವೇ ಇತ್ತು. ಕಿಟಕಿ ಪರದೆಯ ತುಂಡುಗಳ ಸಮುದ್ರ, ದಿಂಬಿನ ಚೀಲದ ಮರಳು, ಬಣ್ಣಬಣ್ಣದ ಕೊಡೆಗಳು, ಒಂದು ಐಸ್‌ಕ್ರೀಮ್ ಗಾಡಿ. ನಟ್ಟನಡುವೆ ದೋಣಿ; ಅದರಲ್ಲಿ ಹೂಬಟ್ಟೆಯ ಹೆಂಗಸು, ಚೌಕುಳಿ ಬಟ್ಟೆಯ ಮಗು. ಅವರಿಬ್ಬರ ಮೇಲೆ ನೀಲಿ ಹಾಯಿ, ಬುಡ ನೇರ, ತುದಿ ಚೂಪು. ಉಳಿದ ಬಟ್ಟೆಗಳೆಲ್ಲ ಕೌದಿಗೆ ಬರುವ ಮೊದಲೇ ಒಗೆತಕ್ಕೆ ಸೋತು ಬಂದವು. ಹಾಯಿ ಮಾತ್ರ ಅಂಗಡಿಯಿಂದ ಈಗಷ್ಟೇ ಇಳಿದಂತಿತ್ತು.

ಗೋಡೆಗೊರಗಿದ್ದ ಬೀಗದಣ್ಣನ ಅಕ್ಕ ಪಕ್ಕದ ಮನೆಯವಳ ಕಿವಿಯ ಕಡೆ ಬಾಗಿದಳು. "ನನ್ನ ತಮ್ಮ ಸುಮ್ಮಸುಮ್ನೆ ಹೀಗೆ ಮಾಡೋನಲ್ಲ. ಆ ಕೌದೀಲಿ ಏನೋ ಇದೆ."

"ಏನಿರುತ್ತಕ್ಕ ಕೌದೀಲಿ? ಹತ್ತಿ ಇರುತ್ತೆ."

ಬೀಗ ರಿಪೇರಿ ಮಾಡುತ್ತ ಪೇಟೆಯ ಮೂಲೆಯಲ್ಲಿ ಬಾಳು ಕಳೆದವನಿಗೆ ಯಾವ ಬೀಗದ ಮೇಲೂ ನಂಬಿಕೆ ಉಳಿದಿರಲಿಲ್ಲ. ಎಂಥ ಬೀಗವೂ ಒಂದು ತಂತಿಗೆ, ಒಂದಿಷ್ಟು ತಾಳ್ಮೆಗೆ ಬಾಯಿ ಬಿಡುವುದನ್ನು ಅವನು ಕಂಡಿದ್ದ. ಇವತ್ತು ಬೆಳಿಗ್ಗೆಯೂ ಜನ ಬರುವ ಮೊದಲು ಬೀರುವಿಗೆ, ಅಡಿಗೆಮನೆಯ ಕಪಾಟಿಗೆ ಬೀಗ ಜಡಿದಿದ್ದ. ಸಕ್ಕರೆ ಡಬ್ಬಿ ಒಳಗೇ ಉಳಿದು, ಸಾವಿನ ಮನೆಗೆ ಬಂದವರೆಲ್ಲ ಸಪ್ಪೆ ಚಹಾ ಕುಡಿದಿದ್ದರು. ಅವನು ಶವದ ಪಕ್ಕ ಕೂತು ಎದ್ದಾಗಲೆಲ್ಲ ಸೊಂಟದ ಕೀಲಿಗೊಂಚಲು ಗಲಗಲ ಎನ್ನುತ್ತಿತ್ತು.

ಅವನ ಕಣ್ಣು ಬಾಗಿಲ ಕಡೆ ಹೋಯಿತು. "ಅಲ್ಲಿ ನಿಂತಿದಾನಲ್ಲ, ಕಂದು ಅಂಗಿಯವನು, ಯಾರವನು?"

"ಗುಂಡಿ, ದಾರ ಮಾರೋರು. ಅಮ್ಮ ಅವರ ಹತ್ರಾನೇ ದಾರ ತಗೊಳ್ತಿದ್ದಿದ್ದು."

"ಮೊದಲು ದೋಣಿ ನಡೆಸ್ತಿದ್ನಾ, ಕೇಳು."

ಮಗಳು ಅವನ ಮುಖವನ್ನೇ ನೋಡಿದಳು. "ಅಪ್ಪಾ, ಆ ದೋಣಿಯವನು ಇನ್ನೂ ನಿಮ್ಮ ತಲೇಲಿ ಇದಾನಾ?"

*

ಆ ಸಂಸಾರಕ್ಕೆ ರಜೆ ಎಂದು ಬಂದದ್ದು ಅದೊಂದೇ. ಮಗಳು ಆಗ ಚಿಕ್ಕವಳು. ಸಮುದ್ರದ ಊರು, ಬಾಡಿಗೆಯ ಕೋಣೆ, ಕಿಟಕಿಯಲ್ಲಿ ಉಪ್ಪುಗಾಳಿ. ಕೋಣೆಯ ಬೀಗ ನೋಡಿದ ಕೂಡಲೇ ಬೀಗದಣ್ಣ, "ಇದನ್ನ ಹೇರ್‌ಪಿನ್ನಲ್ಲಿ ತೆಗೀಬಹುದು," ಎಂದಿದ್ದ. ಹಾಗಾಗಿ ಹೋದಲ್ಲೆಲ್ಲ ಚೀಲಗಳೂ ಜೊತೆಗೇ ಬಂದವು.

ನೀಲಿ ಅಂಗಿಯ ದೋಣಿಯವನು ಕರೆದ. "ಮೂವರಿಗೂ ಜಾಗ ಇದೆ, ಬನ್ನಿ."

"ನೀವು ಹೋಗಿ ಬನ್ನಿ. ಇದನ್ನೆಲ್ಲ ಯಾರು ಕಾಯ್ತಾರೆ?"

"ಹಳೇ ಚಪ್ಪಲಿ ಯಾರು ಕದೀತಾರ್ರೀ?" ಎಂದಳು ಹೆಂಡತಿ.

"ಕದಿಯೋರು ಹೇಳಿ ಕದೀತಾರಾ?"

ಅವಳು ಇನ್ನೊಮ್ಮೆ ಕರೆದಳು. ಆಮೇಲೆ ಮಗಳ ಕೈ ಹಿಡಿದು ನೀರಿಗಿಳಿದಳು. ಅವನು ತನ್ನ ಬೂದಿ ಬಣ್ಣದ ಅಂಗಿಯಲ್ಲಿ, ಕೀಲಿಗಳ ಭಾರಕ್ಕೆ ಜೋತ ಎದೆಜೇಬಿನೊಂದಿಗೆ ಮರಳಿನ ಮೇಲೆ ಕೂತ. ದೋಣಿ ಬೆರಳುದ್ದವಾಯಿತು, ಉಗುರಿನಷ್ಟಾಯಿತು. ಅಷ್ಟು ದೂರದಿಂದ ನೀರಿನ ಮೇಲೆ ಜಾರಿ ಅವಳ ನಗು ಬಂತು. ಮನೆಯಲ್ಲಿ ಅವನು ಕೇಳಿರದ ನಗು. ಮರಳಿ ಬಂದಾಗ ದೋಣಿಯವನು ಅವಳಿಗೆ ಇಳಿಯಲು ಕೈಕೊಟ್ಟ.

"ಏನು ಅಷ್ಟೊಂದು ನಗು?"

"ನೀವು ಅಲ್ಲಿಂದ ಕಾವಿಗೆ ಕೂತ ಕೋಳಿ ಹಾಗೆ ಕಾಣ್ತಿದ್ರಿ."

ಅವನು ನಂಬಲಿಲ್ಲ. ಕೋಳಿಗೆ ಅಷ್ಟು ಹೊತ್ತು ಯಾರು ನಗುತ್ತಾರೆ?

ಅದೇ ವರ್ಷ ಅವಳು ಕೌದಿ ಶುರುಮಾಡಿದಳು. ಸಂಜೆ ಕೆಲಸ ಮುಗಿಸಿ ಕಿಟಕಿಯ ಬಳಿ ಕೂರುವಳು. ಹಳೆಯ ಬಟ್ಟೆಗಳ ಹೊಲಿಗೆ ಬಿಚ್ಚುವುದು ಮಗಳ ಕೆಲಸ, ಕತ್ತರಿಸಿ ಜೋಡಿಸುವುದು ಅವಳದು. ಅವನು ಅಂಗಡಿಯಿಂದ ಬಂದವನೇ ಒಂದೊಂದು ತುಂಡಿನ ಮೇಲೂ ಬೆರಳಿಡುತ್ತಿದ್ದ.

"ಇದು?"

"ಹಳೇ ಪರದೆ."

"ಈ ಕೊಡೆ?"

"ನಿಮ್ಮಕ್ಕನ ಲಂಗ. ಅವರಿಗೆ ಹೇಳ್ಬೇಡಿ, ವಾಪಸ್ ಕೇಳ್ತಾರೆ."

"ಈ ನೀಲಿ?"

ಅವಳು ದಾರವನ್ನು ಹಲ್ಲಿನಿಂದ ಕಡಿದು ತಲೆಯೆತ್ತಿದಳು. ಮುಖದಲ್ಲಿ ತುಂಟತನವಿತ್ತು. "ಗುರುತು ಸಿಗಲಿಲ್ವಾ?"

"ಇಂಥ ಬಟ್ಟೆ ನಮ್ಮನೇಲಿ ಇರಲೇ ಇಲ್ಲ."

ಅವಳು ಅವನ ಮುಖ ನೋಡಿದಳು. ತುಂಟತನ ಮೆಲ್ಲಗೆ ಇಳಿದುಹೋಯಿತು. "ಹಾಗಿದ್ರೆ ಇರಲಿಲ್ಲ ಬಿಡಿ," ಎಂದು ಸೂಜಿಗೆ ದಾರ ಪೋಣಿಸಿದಳು.

ಊರವರ ಬೀಗವನ್ನೆಲ್ಲ ಬಿಚ್ಚುವವನು ಆ ಮಾತಿಗೆ ಮತ್ತೆ ಕೈಹಾಕಲಿಲ್ಲ. ಬಿಚ್ಚಿದರೆ ಒಳಗೆ ದೋಣಿಯವನ ಅಂಗಿಯೇ ಇದ್ದೀತೋ ಎಂಬ ಭಯ. ಬೇಸಿಗೆಗೊಮ್ಮೆ ಕೌದಿ ಪೆಟ್ಟಿಗೆಯಿಂದ ಹೊರಬಂದು ಬಾಲ್ಕನಿಯ ನೆರಳಿಗೆ ಬೀಳುತ್ತಿತ್ತು. ಅವಳು ಅತ್ತ ಹೋದಾಗ ಅವನು ಇತ್ತ ಹೋಗಿ ನೋಡುತ್ತಿದ್ದ. ಏಳು ಕಡಲಾಚೆಯ ಗಿಳಿಯೊಳಗೆ ರಾಕ್ಷಸನ ಜೀವವಿದ್ದಂತೆ, ಅವನ ನೆಮ್ಮದಿಯೆಲ್ಲ ಆ ಅಂಗೈಯಗಲದ ನೀಲಿಯೊಳಗೆ ಕೂತುಬಿಟ್ಟಿತ್ತು.

*

"ಯಜಮಾನ್ರೇ, ಹೊತ್ತಾಯ್ತು," ಎಂದ ಶವದ ಗಾಡಿಯ ಡ್ರೈವರು, ಬಾಗಿಲಲ್ಲಿ ತಲೆ ತೂರಿಸಿ.

"ಆಯ್ತು," ಎಂದ ಬೀಗದಣ್ಣ. "ಕೌದಿ ಹೋಗ್ಲಿ. ಅದೊಂದು ಹೋಗಬಾರದು."

ಬೀಗದ ತುಕ್ಕು ಕೆರೆಯುವ ಚಿಕ್ಕ ಚಾಕು ಅವನ ಕೀಲಿಗೊಂಚಲಿನಲ್ಲೇ ಇತ್ತು. ಮಂಡಿಯೂರಿ ಕೂತು ಹಾಯಿಯ ಸುತ್ತಲಿನ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದ. ಜನ ಕತ್ತು ಚಾಚಿ ನೋಡಿದರು. ಅಕ್ಕ ಮಾತ್ರ, "ನಾನು ಹೇಳ್ಲಿಲ್ವಾ," ಎಂದಳು, ಯಾರಿಗೂ ಅಲ್ಲದಂತೆ. ಮಗಳು ಗೋಡೆಯ ಕಡೆ ತಿರುಗಿದ್ದಳು.

"ಸಮಾಧಾನ ಆಯ್ತಾ ಅಪ್ಪಾ?"

"ಆಯ್ತು."

ಆಗಿರಲಿಲ್ಲ. ತುಂಡನ್ನು ಮುದುರಿ ಜೇಬಿಗೆ ತುರುಕಿಕೊಂಡ. ಕೌದಿ ಹೊದಿಸಿದಾಗ ಹಾಯಿಯಿದ್ದ ಜಾಗದ ಬಿಳಿ ಹತ್ತಿ ಸರಿಯಾಗಿ ಅವಳ ಎದೆಯ ಮೇಲೆ ಬಂತು.

ಮಣ್ಣು ಮಾಡುವ ಜಾಗದಲ್ಲಿ ಅವನು ಸರಿಯುತ್ತ ಸರಿಯುತ್ತ ದಾರದವನ ಪಕ್ಕ ಹೋಗಿ ನಿಂತ.

"ನೀವು ಸಮುದ್ರದ ಕಡೆ ಇದ್ರಾ ಯಾವಾಗಾದ್ರೂ?"

"ಅಯ್ಯೋ ಇಲ್ಲಪ್ಪ. ಬಕೆಟ್ ನೀರು ಅಲ್ಲಾಡಿದ್ರೂ ನಂಗೆ ತಲೆ ತಿರುಗುತ್ತೆ." ಅವನು ಕೈಯ ಮಣ್ಣು ಕೊಡವಿಕೊಂಡ. "ನಿಮ್ಮನೆಯವರಿಗೆ ಬಣ್ಣದ ಕಣ್ಣು ಚೆನ್ನಾಗಿತ್ತು. ಆ ಹಾಯಿ ನೀಲಿಗೆ ಹೊಂದೋ ದಾರಕ್ಕೆ ನನ್ನ ಗಾಡಿ ಪೂರ್ತಿ ಜಾಲಾಡಿದ್ರು. ಬಣ್ಣ ತಪ್ಪಿದ್ರೆ ಅವರಿಗೆ ಗುರುತು ಸಿಗಲ್ಲ ಅಂತಿದ್ರು."

"ಅವರು ಅಂದ್ರೆ ಯಾರು?"

"ನಾನು ಕೇಳ್ಲಿಲ್ಲ. ದಾರ ಮಾರೋನು ಅದನ್ನೆಲ್ಲ ಕೇಳಬಾರದು."

ಬೀಗದಣ್ಣ ಜೇಬಿನೊಳಗೇ ತುಂಡನ್ನು ಹಿಂಡಿದ. ಗುದ್ದಲಿಯ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಹಾಯಿಯಿಲ್ಲದ ದೋಣಿ ಕೆಳಗೆ ಹೋಗಿಯಾಗಿತ್ತು.

*

ಸಂಜೆಗೆ ಮನೆ ಖಾಲಿಯಾಯಿತು. ಅಕ್ಕ ಒಳಗೆ ಲೋಟ ತೊಳೆಯುತ್ತಿದ್ದಳು. ಮಗಳು ಕೈಚಾಚಿ ಅಪ್ಪನ ಎದುರು ಬಂದು ನಿಂತಳು.

"ಕೊಡಿ ಅದನ್ನ. ಅಮ್ಮನ ಕೈಕೆಲಸ ನಂಗೆ ಇರಲಿ. ನಿಮಗಂತೂ ಬೇಡ."

ಅವನು ತೆಗೆದು ಕೊಟ್ಟ. ಹೊಲಿಗೆ ತಪ್ಪಿದ ಮೇಲೆ ತುಂಡಿನ ಮಡಿಚಿದ ಅಂಚುಗಳು ತಾವಾಗಿ ಬಿಡಿಸಿಕೊಂಡಿದ್ದವು. ಮಗಳು ಕಿಟಕಿಯ ಬೆಳಕಿಗೆ ಹಿಡಿದವಳು ಹಾಗೇ ನಿಂತಳು.

"ಇಲ್ಲಿ ಬನ್ನಿ."

"ಏನು?"

"ಅಂಚು ನೋಡಿ. ಒಳಗೆ ಮಡಚಿದ್ಲಲ್ಲ, ಅದು."

ನಡುವೆ ನೀಲಿ. ಸುತ್ತ ಒಂದು ಬೆರಳಗಲ ಬೂದಿ. ಒಂದೇ ಬಟ್ಟೆ, ನೇಯ್ಗೆಯ ಎಳೆ ನೀಲಿಯಿಂದ ಬೂದಿಗೆ ಎಲ್ಲೂ ಕಡಿಯದೆ ಹಾದುಹೋಗಿತ್ತು. ಎರಡೂ ಬಣ್ಣ ಕೂಡುವಲ್ಲಿ ಸಾಲಾಗಿ ಪುಟ್ಟ ಪುಟ್ಟ ತೂತುಗಳು.

"ಈ ತೂತು ಕೌದಿ ಹೊಲಿಗೇದಲ್ಲ, ಮಿಷನ್ನಿಂದು. ಇದರ ಮೇಲೆ ಮೊದಲು ಇನ್ನೇನೋ ಹೊಲಿದಿತ್ತು. ನಾನೇ ಬಿಚ್ಚಿರ್ತೀನಿ." ಅವಳು ನೆನಪನ್ನು ಹಿಡಿಯುವವಳಂತೆ ಕಣ್ಣು ಕಿರಿದು ಮಾಡಿದಳು. ಆಮೇಲೆ ಸರಸರ ನಡೆದು ಅಮ್ಮನ ಹೊಲಿಗೆ ಡಬ್ಬಿ ತಂದಳು.

ಡಬ್ಬಿಯಲ್ಲಿ ದಾರದುಂಡೆಗಳ ಕೆಳಗೆ ಸೂಜಿ, ಸೂಜಿ ಚುಚ್ಚದಂತೆ ತೊಡುವ ಬೆರಳುಟೋಪಿ ಇಡುವ ಚಪ್ಪಟೆ ಚೀಲವಿತ್ತು. ಬೆನ್ನಿಗೆ ಬೇರೆ ಬಟ್ಟೆ ಕೊಟ್ಟು ಹೊಲಿದ ಬೂದಿ ಬಣ್ಣದ ಚೀಲ. ಇಷ್ಟು ವರ್ಷ ಅವನ ಕಣ್ಣೆದುರಿಗೇ ಇದ್ದದ್ದು. ಅದರ ಚೂಪು ತಳದಲ್ಲಿ ಕೀಲಿಗಳು ಉಜ್ಜಿ ಉಜ್ಜಿ ಬಿಟ್ಟ ತುಕ್ಕಿನ ಕಲೆ.

"ನನ್ನ ಜೇಬು," ಎಂದ ಬೀಗದಣ್ಣ.

ಮಗಳು ಸೂಜಿಗಳನ್ನು ಮೇಜಿನ ಮೇಲೆ ಸುರಿದಳು. ಜೇಬನ್ನು ತಲೆಕೆಳಗಾಗಿಸಿ ಹಾಯಿಯ ಮೇಲಿಟ್ಟಳು. ತೂತಿನ ಮೇಲೆ ತೂತು ಕೂತಿತು. ನೀಲಿ ಪೂರ್ತಿ ಮುಚ್ಚಿಹೋಗಿ, ಅವತ್ತು ಮರಳಿನ ಮೇಲೆ ಅವನು ತೊಟ್ಟು ಕೂತಿದ್ದ ಅಂಗಿಯ ಎದೆಭಾಗ ಉಳಿಯಿತು. ಜೇಬಿನಡಿಗೆ ಬಿಸಿಲು ಬಿದ್ದಿರಲಿಲ್ಲ.

"ಹೊಸದರಲ್ಲಿ ನೀಲಿ ಇತ್ತಾ ಅಪ್ಪಾ?"

ಅವನು ಬೂದಿ ಅಂಚಿನ ಮೇಲೆ ಬೆರಳಾಡಿಸಿದ. "ನಂಗೆ ನೆನಪಿಲ್ಲ."

"ಕೌದಿ ದೋಣೀಲಿ ಅಪ್ಪ ಎಲ್ಲಿ ಅಂತ ನಾನು ಜೀವ ತಿಂತಿದ್ದೆ. ಹಾಕ್ತೀನಿ ಇರು, ಅಂತಿದ್ಲು." ಮಗಳು ಸೂಜಿಗಳನ್ನು ಒಂದೊಂದಾಗಿ ಆರಿಸತೊಡಗಿದಳು.

ಒಳಗಿನಿಂದ ಅಕ್ಕ ಕೂಗಿದಳು. "ಕತ್ತಲಾಗ್ತಾ ಬಂತು. ಮುಂಬಾಗಿಲಿಗೆ ಬೀಗ ಹಾಕಿದ್ಯೇನೋ?"

ಬೀಗದಣ್ಣ ಜೇಬನ್ನು ಹೆಬ್ಬೆರಳಿನಿಂದ ಎತ್ತಿ ನೋಡಿದ, ಮುಚ್ಚಿದ, ಮತ್ತೆ ಎತ್ತಿದ. ಆಮೇಲೆ ಜೇಬನ್ನು ಪಕ್ಕಕ್ಕಿಟ್ಟು ಬಟ್ಟೆಯನ್ನು ಎರಡೂ ಕೈಯಲ್ಲಿ ಬುಡದ ಮೂಲೆಗಳಿಂದ ಹಿಡಿದುಕೊಂಡ. ತೆರೆದ ಬಾಗಿಲಿನಿಂದ ಗಾಳಿ ಒಳಗೆ ಬಂತು. ಅವನ ಬೆರಳುಗಳ ನಡುವೆ ನೀಲಿ ತುಂಡು ಮೆಲ್ಲಗೆ ಉಬ್ಬಿತು.